ಸೀಟಿನ ಕೆಳಗಿನ ಕಳ್ಳ ಸ್ವಿಚ್ಚು

ಆ ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮಳವಳ್ಳಿಯಿಂದ ಮದ್ದೂರಿನವರೆಗೆ ಎಳೆದುಕೊಂಡು ಬಂದಿದ್ದರು. ಹಳೇ ರಸ್ತೆಯ ಪಕ್ಕದಲ್ಲಿ ನನ್ನ ಅಂಗಡಿ. ಗಾಡಿಗಳ ವೈರಿಂಗ್ ಕೆಲಸ ಬಿಟ್ಟು ಬೇರೇನೂ ಮಾಡುವುದಿಲ್ಲ. ಬಾಗಿಲಿಗೆ ಬಂದ ಗಾಡಿಯನ್ನು ನಂಬರ್ ನೋಡದೆ ಗುರುತು ಹಿಡಿಯುತ್ತೇನೆ ಅಂತ ನನಗೊಂದು ಜಂಬ. ಇದನ್ನೂ ಹಿಡಿದೆ. ಬಿಳೀ ಬಣ್ಣದ ಸಣ್ಣ ಪೆಟ್ರೋಲ್ ಗೂಡ್ಸ್ ಗಾಡಿ, ಮುಂದಿನ ಗಾಜಿನ ಮೇಲೆ ಮಗಳ ಹೆಸರು. ಪೂರಿಗಾಲಿಯಿಂದ ಮಂಡ್ಯಕ್ಕೆ ಎಳನೀರು ಸಾಗಿಸುತ್ತಿದ್ದವನದು.

ಅವನು ತೀರಿಕೊಂಡು ಎರಡು ತಿಂಗಳಾಗಿತ್ತು. ಎಳನೀರು ಇಳಿಸಿ ವಾಪಸು ಬರುವಾಗ ಹನಕೆರೆಯ ಹತ್ತಿರ ಗಾಡಿ ನಿಂತುಹೋಗಿ, ಹಿಂದಿನಿಂದ ಕಬ್ಬಿನ ಲಾರಿ ಗುದ್ದಿತು ಅಂತ ಟೀ ಅಂಗಡಿಯಲ್ಲಿ ಸುದ್ದಿ ಕೇಳಿದ್ದೆ. ‘ಅಯ್ಯೋ ಪಾಪ’ ಅಂದು ಲೋಟ ಕೆಳಗಿಟ್ಟಿದ್ದೆ. ಮೂರು ವರ್ಷದ ಗಿರಾಕಿ, ಮಣ್ಣಿಗೆ ಹೋಗಬೇಕಿತ್ತು. ಕೆಲಸ ಇದೆ ಅಂತ ನನಗೆ ನಾನೇ ಹೇಳಿಕೊಂಡು ಉಳಿದುಬಿಟ್ಟೆ. ಆವತ್ತು ಅಂಥಾ ಕೆಲಸವೇನೂ ಇರಲಿಲ್ಲ.

ಹಗ್ಗ ಕಟ್ಟಿದ ಗಾಡಿಯ ಸ್ಟೀರಿಂಗ್ ಹಿಡಿದು ಕೂತಿದ್ದವಳು ಅವನ ಹೆಂಡತಿ. ಪಕ್ಕದಲ್ಲಿ ಅವಳ ಮಾವ, ಅಂದರೆ ಸತ್ತವನ ಅಪ್ಪ. ಗಂಡ ಇದ್ದಾಗಲೇ ಹೊಲದ ದಾರಿಯಲ್ಲಿ ಅವಳಿಗೆ ಗಾಡಿ ಕಲಿಸಿದ್ದನಂತೆ. ಇನ್ನು ಮುಂದೆ ಅವಳೇ ಓಡಿಸುವುದು ಅಂತ ತೀರ್ಮಾನವಾಗಿತ್ತು.

ಮುದುಕ ಇಳಿದು ಟವಲಿನಿಂದ ಮುಖ ಒರೆಸಿಕೊಂಡ. “ಸಾಬ್ರೇ, ಹಿಂದ್ಗಡೆ ಎಲ್ಲಾ ಬಡ್ದು ನೆಟ್ಟಗೆ ಮಾಡವ್ನೆ ಮಳವಳ್ಳಿ ಮೇಸ್ತ್ರಿ. ಎಂಜಿನ್ ಚೆನ್ನಾಗದಂತೆ. ಪೆಟ್ರೋಲ್ ಎತ್ತೋ ಪಂಪ್ ಮಾತ್ರ ಅಳ್ಳಾಡಾಕಿಲ್ಲ ಅಂದ. ಕರೆಂಟಿನ ಕೆಲ್ಸ ನಂಗೆ ತಿಳಿಯಾಕಿಲ್ಲ, ಕಟ್ಟಿರೋರ್ತಾವ್ಕೇ ಓಗಿ ಅಂತ ಕಳಿಸ್ದ.”

“ನೋಡೋಣ ಬುಡಿ ಯಜಮಾನ್ರೇ, ಕೂತ್ಕೊಳಿ” ಅಂದೆ.

ಅವನು ಹಳೇ ಟೈರಿನ ಮೇಲೆ ಕೂತ. ಕೂತವನು ಸುಮ್ಮನಿರಲಿಲ್ಲ. “ಪಂಪ್ ಆವತ್ತು ಸರಿಯಾಗೇ ಇತ್ತು ಸಾಬ್ರೇ. ಪೆಟ್ರೋಲ್ ಇಲ್ದೆ ನಿಂತೋಗಿರೋದು. ಮುಳ್ಳು ಸೊನ್ನೇಲಿತ್ತಂತೆ, ನೋಡ್ದೋರೆಲ್ಲ ಏಳ್ತಾರೆ. ಬಂಕಿಗೆ ಓಗ್ಬುಟ್ಟು ಬತ್ತೀನಿ ಅಂದೋನ್ನ ಇವ್ಳು ಬುಡ್ಬೇಕಲ್ಲ.”

ಸೊಸೆ ಎದುರಿಗೇ ನಿಂತಿದ್ದಳು. ಈ ಮಾತನ್ನು ಎಷ್ಟು ಸಲ ಕೇಳಿದ್ದಳೋ, ಮುಖದಲ್ಲಿ ಏನೂ ಬದಲಾಗಲಿಲ್ಲ. ನನಗೆ ಮುದುಕನ ಮೇಲೆ ಸಿಟ್ಟು ಬಂತು. ಮಗನನ್ನು ಕಳಕೊಂಡವನ ಹತ್ತಿರ ಏನು ಜಗಳ ಆಡುವುದು ಅಂತ ಟೂಲ್ ಪೆಟ್ಟಿಗೆ ತೆಗೆಯಲು ಒಳಗೆ ಹೋದೆ. ಅವಳು ಹಿಂದೆಯೇ ಬಂದಳು.

“ಅಣ್ಣ, ಒಂದು ಕೇಳ್ಲಾ? ಗಾಡಿ ಬಿಚ್ಚಿ ನೋಡಿದ್ರೆ ಆವತ್ತು ಪೆಟ್ರೋಲ್ ಇತ್ತೋ ಇಲ್ವೋ ಗೊತ್ತಾಯ್ತದಾ?”

“ಎರಡು ತಿಂಗಳ ಹಿಂದಿಂದು ಹೆಂಗಮ್ಮ ಹೇಳೋದು. ಟ್ಯಾಂಕಲ್ಲಿ ಏನಾದ್ರೂ ಉಳಿದಿತ್ತಾ?”

“ಒಂದು ತಿಂಗ್ಳು ಪೊಲೀಸ್ ಟೇಸನ್ ಬಯಲಲ್ಲಿ ನಿಂತಿತ್ತು. ತರೋ ಹೊತ್ಗೆ ಟ್ಯಾಂಕಿನ ಮುಚ್ಚಳನೇ ಇರ್ನಿಲ್ಲ.” ಸ್ವಲ್ಪ ತಡೆದು ಮತ್ತೆ ಹೇಳಿದಳು. “ಆವತ್ತು ಮಗ್ಳಿಗೆ ಮೈ ಸುಡೋ ಜ್ವರ. ನಾನೇ ಫೋನ್ ಮಾಡ್ದೆ. ಬಂಕಿಗೆ ಹೋಗಿ ಬತ್ತೀನಿ ಅಂದ್ರು. ಬಂಕು ಆಮೇಲೆ, ಮೊದ್ಲು ಬನ್ನಿ, ಆಸ್ಪತ್ರೆಗೆ ಹೋಗ್ಬೇಕು ಅಂದೆ. ಮಾವ ಹೇಳೋದ್ರಲ್ಲಿ ಸುಳ್ಳೇನಿಲ್ಲ. ನಂದು ಬುಡಿ, ನಾನು ಹೊತ್ಕತ್ತೀನಿ. ಮಗ್ಳಿಗೆ ಎಂಟು ವರ್ಷ. ಮನೇಲಿ ಆಡೋದೆಲ್ಲ ಕೇಳಿಸ್ಕತಾಳೆ. ಹೋದ ವಾರ ಇಸ್ಕೂಲಿಂದ ಮೇಷ್ಟ್ರು ಕರ್ಕೊಂಡು ಬಂದ್ರು, ಮೈ ಮುಟ್ಟಿದ್ರೆ ಕೆಂಡ. ಯಾಕೆ ಹೇಳ್ಲಿಲ್ವೇ ಅಂದ್ರೆ, ನಂಗೆ ಜ್ವರ ಬಂದಿಲ್ಲ ಕಣಮ್ಮ ಅಂತಾಳೆ. ಬಿದ್ದು ಮಂಡಿ ಕಿತ್ತೋಗಿದ್ರೂ ಲಂಗ ಇಳಿಸ್ಕಂಡು ಓಡಾಡ್ತಾಳೆ. ಏನೂ ಹೇಳ್ದಂಗಾಗ್ಬುಟ್ಟವ್ಳೆ ಅಣ್ಣ.”

“ನೋಡ್ತೀನಮ್ಮ” ಅಂದೆ. ಅಷ್ಟೇ.

ಎಲ್ಲಿ ನೋಡಬೇಕು ಅಂತ ನನಗೆ ಆಗಲೇ ಗೊತ್ತಿತ್ತು. ಆದರೂ ದೂರದಿಂದ ಶುರು ಮಾಡಿದೆ. ಈಗ ಬರೆಯುವಾಗ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ತಪ್ಪು ಬೇರೆ ಎಲ್ಲಾದರೂ ಸಿಗಲಿ ಅಂತ ಆಸೆಯಿಂದ ಹುಡುಕಿದೆ.

ಚಾರ್ಜ್ ಮಾಡಿದ ಬ್ಯಾಟರಿ ಕೂರಿಸಿ ಕೀ ತಿರುಗಿಸಿದೆ. ಇಂಥ ಗಾಡಿಗಳಲ್ಲಿ ಕೀ ತಿರುಗಿಸಿದ ಕೂಡಲೇ ಟ್ಯಾಂಕಿನೊಳಗಿನ ಪಂಪು ಎರಡು ಸೆಕೆಂಡ್ ಗುಂಯ್ ಅನ್ನಬೇಕು. ಟ್ಯಾಂಕಿಗೆ ಕಿವಿ ಕೊಟ್ಟು ಕೇಳಿದೆ, ಸದ್ದಿಲ್ಲ. ಫ್ಯೂಸ್ ತೆಗೆದು ನೋಡಿದೆ, ಚೆನ್ನಾಗಿತ್ತು. ಪಂಪಿಗೆ ಕರೆಂಟ್ ಕೊಡುವ ರಿಲೇ ಟಕ್ ಅನ್ನುತ್ತಿತ್ತು. ಟಕ್ ಅಂದ ಮಾತ್ರಕ್ಕೆ ಒಳಗೆ ಕರೆಂಟ್ ದಾಟುತ್ತದೆ ಅಂತ ನಂಬುವ ಹಾಗಿಲ್ಲ. ಅದನ್ನು ಕಿತ್ತು ಹಾರ್ನಿನ ರಿಲೇ ಹಾಕಿ ನೋಡಿದೆ. ಅದೇ ಕಥೆ. ರಿಲೇಯಿಂದ ಹೊರಗೆ ಬರುವ ವೈರಿಗೆ ಟೆಸ್ಟ್ ಬಲ್ಬು ಹಿಡಿದೆ, ಜೋರಾಗಿ ಉರಿಯಿತು. ಗಾಡಿಯ ಕೆಳಗೆ ಮಲಗಿ ಪಂಪಿನ ಪ್ಲಗ್ ಬಿಚ್ಚಿ ಅಲ್ಲಿ ಹಿಡಿದೆ, ಕತ್ತಲೆ. ಪಂಪಿಗೇ ಬ್ಯಾಟರಿಯಿಂದ ನೇರ ವೈರು ಕೊಟ್ಟೆ. ಗುಂಯ್ ಅಂತು. ಪಂಪಿನದೇನೂ ತಕರಾರಿರಲಿಲ್ಲ. ರಿಲೇಗೂ ಪಂಪಿಗೂ ನಡುವೆ ಎಲ್ಲೋ ದಾರಿ ಕಡಿದಿತ್ತು.

ಆ ನಡುವಿನ ದಾರಿ ಡ್ರೈವರ್ ಸೀಟಿನ ಕೆಳಗೆ ಹೋಗುತ್ತದೆ. ನಾನೇ ತಿರುಗಿಸಿದ್ದು.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಗಾಡಿ ಕಳುವಾಗುತ್ತದೆ ಅಂತ ಭಯವಿದ್ದವರು ಪಂಪಿನ ವೈರನ್ನು ನಡುವೆ ಕತ್ತರಿಸಿ ಯಾರಿಗೂ ಕಾಣದ ಜಾಗದಲ್ಲಿ ಒಂದು ಚಿಕ್ಕ ಸ್ವಿಚ್ಚು ಹಾಕಿಸುತ್ತಾರೆ. ಕಳ್ಳ ಸ್ವಿಚ್ಚು ಅನ್ನುತ್ತೇವೆ. ಅದು ಆಫ್ ಇದ್ದರೆ ಕೀ ಇದ್ದರೂ ಗಾಡಿ ಹೊರಡುವುದಿಲ್ಲ. ಹಾಕಿದವನಿಗೂ ಹಾಕಿಸಿಕೊಂಡವನಿಗೂ ಬಿಟ್ಟು ಮೂರನೆಯವರಿಗೆ ಜಾಗ ಗೊತ್ತಾಗಬಾರದು. ಮೂರನೆಯವರ ಎದುರಿಗೆ ಅದನ್ನು ಬಿಚ್ಚಲೂಬಾರದು. ಇದು ನಮ್ಮ ಕಸುಬಿನ ಕಟ್ಟಳೆ. ನನಗೆ ಕೆಲಸ ಕಲಿಸಿದವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಅವನು ಹಾಕಿಸಿಕೊಂಡ ದಿನ ನಾನೂ ಅವನಿಂದ ತೆಗೆದುಕೊಂಡೆ. “ಹೆಂಡ್ತಿಗೂ ಹೇಳ್ಬೇಡ ಕಣಪ್ಪ” ಅಂದಿದ್ದೆ. ನಕ್ಕು, “ಅವಳಿಗೆ ಹೇಳಿದ್ರೆ ಊರಿಗೇ ಹೇಳ್ದಂಗೆ” ಅಂದಿದ್ದ.

ಗಾಡಿಯ ಕೆಳಗಿನಿಂದ ಎದ್ದು ಬಂದೆ. ಟೈರಿನ ಮೇಲಿಂದ ಮುದುಕ ತನ್ನಷ್ಟಕ್ಕೆ ಹೇಳುತ್ತಿದ್ದ. “ಬಾಗ್ಲು ತಗ್ದು ಕೆಳಕಿಳ್ದು ಸೀಟ್ ಎತ್ತಿದ್ನಂತೆ. ಲಾರಿ ಬರೋದ್ನೂ ನೋಡ್ನಿಲ್ಲ. ಸೀಟ್ನಡಿ ಏನ್ ಹುಡುಕ್ತಿದ್ನೋ, ಆ ಶಿವನೇ ಬಲ್ಲ. ಫೋನು ಬಿದ್ದಿತ್ತೇನೋ.”

ಅವನು ಏನು ಹುಡುಕುತ್ತಿದ್ದ ಅಂತ ಈ ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬನೇ.

ಸಾಯುವ ಮೂರು ವಾರದ ಹಿಂದೆ ಅವನು ಅಂಗಡಿಗೆ ಬಂದಿದ್ದ. ಗಾಡಿ ಬಿಸಿಯಾದ ಮೇಲೆ ಜರ್ಕ್ ಹೊಡೆದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅಂದ. ಸೀಟಿನ ಕೆಳಗೆ ನೋಡಬೇಕು ಅಂತ ನನಗೆ ಹೊಳೆಯಿತು. ಆದರೆ ಅಂಗಡಿಯಲ್ಲಿ ಇಬ್ಬರು ಟೀ ಕುಡಿಯುತ್ತಾ ಕೂತಿದ್ದರು. ಅವರ ಎದುರು ಹೇಗೆ ಬಿಚ್ಚುವುದು? ರಿಲೇ ಒಂದು ಬದಲಾಯಿಸಿ, ಅವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ. “ಬುಧವಾರ ಬೆಳಿಗ್ಗೆ ಬಾ, ಯಾರೂ ಇರಲ್ಲ, ಅದನ್ನ ನೋಡೋಣ. ಅಲ್ಲೀಗಂಟ ನಿಂತೋದ್ರೆ ಸ್ವಿಚ್ಚು ಒಂದ್ಸಲ ಆಫ್ ಮಾಡಿ ಆನ್ ಮಾಡು, ಹಿಡ್ಕೊತದೆ.” ಬುಧವಾರ ಅವನು ಬರಲಿಲ್ಲ, ಕೆಲಸವಿತ್ತೇನೋ. ನಾನೂ ಫೋನ್ ಮಾಡಲಿಲ್ಲ.

ಸೀಟಿನ ಕೊಕ್ಕೆ ಬಿಡಿಸಿ ಎತ್ತಿದೆ. ಕೆಳಗೆ ಎಂಜಿನ್, ಅದರ ಪಕ್ಕ ಜಾಕ್ ಇಡುವ ಗೂಡು. ಗೂಡಿನೊಳಗೆ ಕೈ ಹಾಕಿ ಹಿಂದಕ್ಕೆ ತಡವಿದರೆ ಬೆರಳಿಗೆ ಸ್ವಿಚ್ಚು ಸಿಗುತ್ತದೆ. ಅದರ ಕಡ್ಡಿ ಮೇಲಿದ್ದರೆ ಆನ್, ಕೆಳಗಿದ್ದರೆ ಆಫ್. ಕೆಳಗಿತ್ತು.

ನಾನು ಹೇಳಿದ ಹಾಗೇ ಮಾಡಿದ್ದ. ಆಫ್ ಮಾಡಿದ್ದ. ಆನ್ ಮಾಡಲು ಆಗಿರಲಿಲ್ಲ.

ಅವಳು ಹಿಂದೆ ಬಂದು ನಿಂತಿದ್ದಳು. “ಸಿಕ್ತಾ ಅಣ್ಣ?” ಅಂದಳು. “ನೋಡ್ತಿದ್ದೀನಿ” ಅಂದೆ. ಕಡ್ಡಿಯನ್ನು ಮೇಲಕ್ಕೆ ತಳ್ಳಿದೆ. ಕ್ಯಾನಿನಲ್ಲಿದ್ದ ಐದು ಲೀಟರ್ ಪೆಟ್ರೋಲನ್ನು ಟ್ಯಾಂಕಿಗೆ ಸುರಿದು ಕೀ ತಿರುಗಿಸಿದೆ. ಪಂಪು ಗುಂಯ್ ಅಂತು, ಮೂರನೆಯ ಸಲಕ್ಕೆ ಎಂಜಿನ್ ಸ್ಟಾರ್ಟ್ ಆಯಿತು. ಮುದುಕ ಎದ್ದು ನಿಂತ. “ಆಯ್ತಲ್ಲ ಸಾಬ್ರೇ” ಅಂದ. ಅವಳು ಗಾಡಿಯ ಬಾಗಿಲಿನ ಮೇಲೆ ಕೈಯಿಟ್ಟು ಅದರ ನಡುಕವನ್ನು ನೋಡುತ್ತಿದ್ದಳು.

ಅಲ್ಲಿಗೇ ಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಗಾಡಿ ಯಾಕೆ ನಿಂತಿತು ಅಂತ ಇನ್ನೂ ಸಿಕ್ಕಿರಲಿಲ್ಲ. “ಸ್ವಲ್ಪ ಹೊತ್ತು ಓಡ್ಲಿ” ಅಂದೆ. ಕಾಲು ಗಂಟೆಯೂ ಆಗಿರಲಿಲ್ಲ, ಎಂಜಿನ್ ಕೆಮ್ಮಿದ ಹಾಗೆ ಮಾಡಿ ನಿಂತಿತು.

ಈಗ ಮೀಟರ್ ಹಿಡಿದರೆ ಪಂಪಿನ ಪ್ಲಗ್ಗಿನಲ್ಲಿ ಹನ್ನೆರಡು ವೋಲ್ಟು ತೋರಿಸಿತು. ಎಷ್ಟೋ ಜನ ಇಲ್ಲಿ ಮೋಸ ಹೋಗುತ್ತಾರೆ. ಕರೆಂಟ್ ಎಳೆಯುವ ಲೋಡು ಇಲ್ಲದಾಗ ಕೆಟ್ಟ ಜಾಯಿಂಟೂ ಪೂರ್ತಿ ವೋಲ್ಟು ತೋರಿಸುತ್ತದೆ. ಮೀಟರ್ ತೆಗೆದು ಹೆಡ್‌ಲೈಟಿನ ದೊಡ್ಡ ಬಲ್ಬು ಸಿಕ್ಕಿಸಿದೆ. ಬಲ್ಬಿನ ತಂತಿ ಬರೀ ಕೆಂಪಗಾಯಿತು, ಬೆಳಗಲಿಲ್ಲ. ಸೀಟಿನ ಕೆಳಗಿನಿಂದ ಟೇಪು ಸುಟ್ಟ ವಾಸನೆ ಬಂತು. ಸ್ವಿಚ್ಚನ್ನು ಹೊರಗೆಳೆದೆ. ಒಂದು ಕಡೆಯ ಜಾಯಿಂಟಿನ ಟೇಪು ಬಿಸಿಗೆ ಕರಗಿ ಜಾರಿತ್ತು. ಒಳಗೆ ತಾಮ್ರ ಕಪ್ಪಾಗಿ, ಮುಟ್ಟಿದರೆ ಪುಡಿ ಉದುರುತ್ತಿತ್ತು.

ವೈರು ವೈರಿಗೆ ಸುತ್ತಿ ಟೇಪು ಸುತ್ತಿದ ಜಾಯಿಂಟು. ಸೀಸ ಕರಗಿಸಿ ಬೆಸೆಯುವ ಸೋಲ್ಡರ್ ಹಾಕಿರಲಿಲ್ಲ. ಅದೂ ನೆನಪಾಯಿತು. ಸ್ವಿಚ್ಚು ಹಾಕಿದ ದಿನ ಕರೆಂಟು ಹೋಗಿತ್ತು, ಸೋಲ್ಡರ್ ಕಾಯಿಸಲು ಆಗಿರಲಿಲ್ಲ. “ಇನ್ನೊಂದ್ಸಲ ಬಂದಾಗ ಸೋಲ್ಡರ್ ಹಾಕ್ತೀನಿ” ಅಂದಿದ್ದೆ. ಆಮೇಲೆ ಹತ್ತಾರು ಸಲ ಬಂದ. ಪ್ರತಿ ಸಲವೂ ಅಂಗಡಿಯಲ್ಲಿ ಯಾರಾದರೂ ಇರುತ್ತಿದ್ದರು.

ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯುತ್ತಾ ನಿಂತೆ. ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿಗೆ ಕೂಗಿದರು. ಹೋಗಲು ಮನಸ್ಸಾಗಲಿಲ್ಲ. ಸ್ವಿಚ್ಚು ಕಿತ್ತೆಸೆದು ನೇರ ವೈರು ಎಳೆದು, ‘ವೈರು ಹೋಗಿತ್ತು, ಸರಿ ಮಾಡಿದೆ’ ಅಂದರೆ ಸಾಕು. ಲಾರಿ ಗುದ್ದಿದ್ದು, ನಾನಲ್ಲ. ಹೇಳಿದರೆ ಸತ್ತವನು ವಾಪಸು ಬರುತ್ತಾನೆಯೇ? ಇದನ್ನೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಹುಡುಗಿ ಲಂಗ ಕೆಳಗೆ ಎಳೆದುಕೊಂಡು ಮಂಡಿ ಮುಚ್ಚುವುದು ಕಣ್ಣ ಮುಂದಿನಿಂದ ಹೋಗಲಿಲ್ಲ. ನಾನು ಬಾಯಿ ಮುಚ್ಚಿದರೆ ಅದು ಅವಳ ತಲೆಯ ಮೇಲೇ ಉಳಿಯುತ್ತದೆ. ಎಂಟು ವರ್ಷದ ಮಗು ನನ್ನ ತಪ್ಪನ್ನು ಹೊತ್ತುಕೊಂಡು ತಿರುಗಬೇಕು.

ಕೈ ಒರೆಸಿಕೊಂಡು ಬಂದೆ. ಸ್ವಿಚ್ಚನ್ನು ಅವರಿಬ್ಬರ ಮುಂದೆ ಹಿಡಿದೆ.

“ಅಮ್ಮ, ಆವತ್ತು ಗಾಡೀಲಿ ಪೆಟ್ರೋಲ್ ಇತ್ತು” ಅಂದೆ.

ಅವಳು ನನ್ನನ್ನೇ ನೋಡಿದಳು. ಮುದುಕ, “ಮುಳ್ಳು ಸೊನ್ನೇಲಿತ್ತು ಅಂದ್ರಲ್ಲ” ಅಂದ.

“ಗುದ್ದಿದ ಮೇಲೆ ಬೆಂಕಿ ಹತ್ಕೊಂಡಾತು ಅಂತ ಬ್ಯಾಟರಿ ವೈರು ಕಿತ್ತಾಕಿರ್ತಾರೆ ಯಜಮಾನ್ರೇ. ಕರೆಂಟಿಲ್ದೆ ಹೋದ್ರೆ ಮುಳ್ಳು ತಾನಾಗೇ ಸೊನ್ನೆಗೆ ಬೀಳ್ತದೆ. ನೋಡಿ.” ಕೀ ತಿರುಗಿಸಿ ಮುಳ್ಳು ತೋರಿಸಿ, ಬ್ಯಾಟರಿಯ ವೈರು ತೆಗೆದೆ. ಮುಳ್ಳು ಕೆಳಗೆ ಬಿತ್ತು. ಮತ್ತೆ ಹಾಕಿದೆ, ಎದ್ದಿತು.

ಆಮೇಲೆ ಸ್ವಿಚ್ಚಿನ ವಿಷಯ ಹೇಳಿದೆ. ಸೋಲ್ಡರ್ ಹಾಕದ ಜಾಯಿಂಟು, ಟೀ ಕುಡಿಯುತ್ತಿದ್ದ ಇಬ್ಬರು, ಬುಧವಾರ, ಎಲ್ಲ ಹೇಳಿದೆ. “ಪೆಟ್ರೋಲ್ ಖಾಲಿಯಾಗಿದ್ರೆ ಮುಳ್ಳು ನೋಡಿ ಅವನಿಗೇ ಗೊತ್ತಾಗ್ತಿತ್ತು. ಕ್ಯಾನ್ ಹಿಡ್ಕೊಂಡು ಬಂಕಿನ ಕಡೆ ನಡೀತಿದ್ದ. ಸೀಟ್ ಎತ್ತಕ್ಕೆ ಹೋಗ್ತಾನೇ ಇರ್ಲಿಲ್ಲ. ಪೆಟ್ರೋಲ್ ಇತ್ತು, ಆದ್ರೂ ನಿಂತೋಯ್ತು. ಅದಕ್ಕೇ ಇಳಿದು ಸೀಟ್ ಎತ್ತಿ ನಾನು ಹೇಳಿಕೊಟ್ಟಿದ್ದನ್ನ ಮಾಡ್ದ. ಬಂಕಿಂದೂ ಅಲ್ಲ, ನಿಮ್ಮ ಫೋನಿಂದೂ ಅಲ್ಲ, ಮಗೀನ ಜ್ವರದ್ದೂ ಅಲ್ಲ. ನನ್ನ ಜಾಯಿಂಟಿಂದು.”

ಮುದುಕ ಸುಟ್ಟ ವೈರನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದೇ ಆಗುತ್ತಿತ್ತು.

“ನೀವು ಏಳ್ದೇ ಇದ್ದಿದ್ರೆ ನಮ್ಗೆ ಗೊತ್ತೇ ಆಯ್ತಿರ್ನಿಲ್ಲ” ಅಂದ.

“ಆಗ್ತಿರ್ಲಿಲ್ಲ.”

ಅವನು ಟೈರಿನ ಮೇಲೆ ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡ. ಅವಳು ಅಳಲಿಲ್ಲ. ಅವಳ ಧ್ವನಿಯೂ ಏರಲಿಲ್ಲ.

“ಈ ಸ್ವಿಚ್ಚಿಂದು ನಂಗ್ಯಾಕೆ ಹೇಳ್ನಿಲ್ಲ ಅವ್ರು?”

“ಹೇಳ್ಬೇಡ ಅಂತ ನಾನೇ ಅಂದಿದ್ದೆ.”

“ಆ ಇಬ್ರಿಗೆ ಟೀ ಕುಡ್ದಾಯ್ತಲ್ಲ, ಎದ್ದೋಗಿ ಅನ್ನಕ್ಕಾಗ್ನಿಲ್ವಾ ನಿಮ್ಗೆ?”

ಆ ಇಬ್ಬರು ನನ್ನ ಗಿರಾಕಿಗಳೂ ಆಗಿರಲಿಲ್ಲ, ಸುಮ್ಮನೆ ನೆರಳಿಗೆ ಬಂದು ಕೂತವರು.

ಅವಳೇ ಮುಂದುವರಿಸಿದಳು. “ಗಾಡಿ ಸರಿ ಮಾಡಿ. ಮಾಡ್ಬುಟ್ಟು ನಮ್ಮೂರಿಗೆ ಬನ್ನಿ. ಇಲ್ಲಿ ಹೇಳಿದ್ನ ನನ್ ಮಗ್ಳ ಮುಂದೆ ಹೇಳ್ಬೇಕು. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾಳೆ ಅಮ್ಮ ಅನ್ಕತಾಳೆ.”

ಸ್ವಿಚ್ಚನ್ನೂ ಅದರ ವೈರುಗಳನ್ನೂ ಪೂರ್ತಿ ತೆಗೆದೆ. ರಿಲೇಯಿಂದ ಪಂಪಿನವರೆಗೆ ದಪ್ಪ ವೈರನ್ನು ನಡುವೆ ಕತ್ತರಿಸದೆ ಒಂದೇ ತುಂಡಾಗಿ ಎಳೆದೆ. ಎರಡು ತುದಿಗೂ ಸೋಲ್ಡರ್ ಹಾಕಿ, ಮೇಲೆ ಕೊಳವೆ ತೊಡಿಸಿ, ಎಂಜಿನ್ನಿನ ಬಿಸಿ ತಾಗದ ಹಾಗೆ ಚಾಸಿಯ ಪಕ್ಕಕ್ಕೆ ಬಿಗಿದೆ. ದೊಡ್ಡ ಬಲ್ಬು ಸಿಕ್ಕಿಸಿದೆ, ಕಣ್ಣು ಕುಕ್ಕುವಷ್ಟು ಬೆಳಗಿತು. ಒಂದು ಗಂಟೆ ಎಂಜಿನ್ ಓಡಿಸಿಟ್ಟೆ. ನಿಲ್ಲಲಿಲ್ಲ. ಮೂರು ವರ್ಷದ ಹಿಂದೆಯೇ ಹೀಗೆ ಕೆಲಸ ಮಾಡಲು ನನಗೆ ಬರುತ್ತಿತ್ತು.

ಅಂಗಡಿಯ ಬಾಗಿಲು ಎಳೆದು ಗಾಡಿ ಹತ್ತಿದೆ. ಅವಳು ಓಡಿಸಿದಳು, ನಾನು ಪಕ್ಕದಲ್ಲಿ. ಮುದುಕ ಹಿಂದಿನ ತೊಟ್ಟಿಯಲ್ಲಿ ಕೂತ. ಅವಳು ಹುಷಾರಾಗಿ ಓಡಿಸುತ್ತಿದ್ದಳು. ಹಿಂದಿನ ಗಾಡಿಗಳನ್ನು ಕನ್ನಡಿಯಲ್ಲಿ ಮತ್ತೆ ಮತ್ತೆ ನೋಡುತ್ತಿದ್ದಳು. ನನ್ನ ಕಿವಿಯೆಲ್ಲ ಎಂಜಿನ್ನಿನ ಮೇಲೇ ಇತ್ತು. ಮಳವಳ್ಳಿ ಹತ್ತಿರ ಪೆಟ್ರೋಲ್ ಬಂಕು ಕಂಡಾಗ ಹಿಂದಿನಿಂದ ಮುದುಕ ಕ್ಯಾಬಿನ್ನಿನ ತಗಡು ಬಡಿದ. ಅವಳು ಪಕ್ಕಕ್ಕೆ ನಿಲ್ಲಿಸಿದಳು. ಮುದುಕ ಇಳಿದು ಕಿಟಕಿಯ ಹತ್ತಿರ ಬಂದು, “ಆಕುಸ್ಕಳವ್ವ. ಅವ್ಸರ ಏನೂ ಇಲ್ಲ, ನಿಧಾನ್ವಾಗಿ ಓಗುಮ” ಅಂದ. ಅವಳ ಮುಖ ನೋಡಿ ಹೇಳಲು ಅವನಿಗೆ ಆಗಲಿಲ್ಲ. ಆಗ ಅವಳು ಅತ್ತಳು. ಬಂಕಿನ ಹುಡುಗಿ ಎಷ್ಟಕ್ಕೆ ಅಂತ ಎರಡು ಸಲ ಕೇಳಿದಳು. ನಾನೇ ಉತ್ತರ ಹೇಳಿದೆ.

ಪೂರಿಗಾಲಿ ಸೇರುವಾಗ ಇಸ್ಕೂಲು ಬಿಟ್ಟಿತ್ತು. ಹುಡುಗಿ ಜಗುಲಿಯ ಮೇಲೆ ಬ್ಯಾಗು ಇಟ್ಟುಕೊಂಡು ಕೂತಿದ್ದಳು. ಅಪ್ಪನ ಗಾಡಿ ತಾನಾಗೇ ಓಡಿಕೊಂಡು ಬಂದಿದ್ದನ್ನು ನೋಡಿ ಎದ್ದು ನಿಂತಳು, ಹತ್ತಿರ ಬರಲಿಲ್ಲ. ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಜೇಬಿನಿಂದ ಸ್ವಿಚ್ಚು ತೆಗೆದು ಅವಳ ಕೈಗೆ ಕೊಟ್ಟೆ. ಇದು ಏನು, ಯಾರು ಹಾಕಿದ್ದು, ಎಲ್ಲಿ ಸುಟ್ಟಿತು ಅಂತ ತೋರಿಸಿದೆ. ದೊಡ್ಡವರಿಗೆ ಹೇಳಿದ್ದಕ್ಕಿಂತ ಅವಳಿಗೆ ಹೇಳುವುದು ಕಷ್ಟವಾಯಿತು. “ನಿಮ್ಮಪ್ಪನ ಗಾಡೀಲಿ ಪೆಟ್ರೋಲ್ ಇತ್ತು ಕಣಮ್ಮ. ನಾನು ಕೆಲ್ಸ ಸರಿಯಾಗಿ ಮಾಡಿರ್ಲಿಲ್ಲ, ಅದಕ್ಕೆ ನಿಂತೋಯ್ತು. ನಿನ್ನ ಜ್ವರಕ್ಕೂ ಅದಕ್ಕೂ ಏನೇನೂ ಸಂಬಂಧ ಇಲ್ಲ.”

ಅವಳು ಸ್ವಿಚ್ಚಿನ ಕಡ್ಡಿಯನ್ನು ಮೇಲೆ ಕೆಳಗೆ ಮಾಡಿ ನೋಡಿದಳು. ಟಕ್, ಟಕ್. ಸುಟ್ಟ ಕಡೆಯನ್ನು ಬೆರಳಿನಿಂದ ಮುಟ್ಟಿ, ಬೆರಳಿಗೆ ಹತ್ತಿದ ಕಪ್ಪನ್ನು ನೋಡಿಕೊಂಡಳು. ನನ್ನನ್ನೂ ಒಂದು ಸಲ ನೋಡಿದಳು. ಆಮೇಲೆ ಸ್ವಿಚ್ಚನ್ನು ಜಗುಲಿಯ ಮೇಲಿಟ್ಟು, ಎದ್ದು ಹೋಗಿ ಅಮ್ಮನ ಸೆರಗು ಹಿಡಿದುಕೊಂಡಳು.

“ಅಮ್ಮ, ನಂಗೆ ನೆನ್ನೆಯಿಂದ ಗಂಟ್ಲು ನೋಯ್ತಾ ಅದೆ” ಅಂದಳು.